ಅಜ್ಜಿ ಟೆಸ್ಟ್‌ನಲ್ಲಿ ಫೇಲ್ ಆದರೆ ಮರೆವಿನ ಕಾಯಿಲೆಯೇ?

ಇಂಗ್ಲಿಷಿನ ‘ಓ’ ಅಕ್ಷರಗಳ ರಾಶಿಯಲ್ಲಿ ಒಂದು ‘ಸಿ’ ಹುಡುಕಿ, ‘ಎಂ’ಗಳ ನಡುವೆ ‘ಎನ್’ ಹುಡುಕಿ, ಸಿಕ್ಕಿದರೆ ಆಲ್‌ಝೈಮರ್ ನಿಮ್ಮಿಂದ ದೂರ ಎನ್ನುವ ಫಾರ್ವರ್ಡ್ ವರ್ಷಗಳಿಂದ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಇದು ಕಣ್ಣಿನ ಚುರುಕಿನ ಆಟ, ಅಷ್ಟೇ. ಕಾಯಿಲೆ ಇದೆ ಎಂದಾಗಲಿ, ಇಲ್ಲ ಎಂದಾಗಲಿ ಇದರಿಂದ ಗೊತ್ತಾಗದು. ಇಂಗ್ಲಿಷ್ ಅಕ್ಷರವನ್ನೇ ಕಲಿಯದ ಹೊಸದುರ್ಗದ ಅಜ್ಜಿ ಇದರಲ್ಲಿ ಫೇಲ್ ಆದರೆ ಅದರಲ್ಲಿ ಆಶ್ಚರ್ಯವೇನು?

ತಮಾಷೆಯೆಂದರೆ, ಡಾಕ್ಟರ್‌ಗಳು ಬಳಸುವ ನಿಜವಾದ ಪರೀಕ್ಷೆಗಳಿಗೂ ಇದೇ ತೊಂದರೆ ಇತ್ತು. 1975ರಲ್ಲಿ ಅಮೆರಿಕದಲ್ಲಿ ಬಂದ ಎಂಎಂಎಸ್‌ಇ ಎಂಬ 30 ಅಂಕದ ಪರೀಕ್ಷೆಯನ್ನೇ ನೋಡಿ. 100ರಿಂದ ಏಳೇಳು ಕಳೆಯುತ್ತಾ ಹೋಗಬೇಕು, ಇಲ್ಲವೇ ‘ವರ್ಲ್ಡ್’ ಪದದ ಸ್ಪೆಲಿಂಗ್ ಹಿಂದಿನಿಂದ ಹೇಳಬೇಕು. ಒಂದು ವಾಕ್ಯ ಬರೆಯಬೇಕು. ಇದನ್ನು ಹಾಗೆಯೇ ಕನ್ನಡಕ್ಕೆ ಅನುವಾದಿಸಿದರೆ? ‘ಪ್ರಪಂಚ’ವನ್ನು ಹಿಂದಿನಿಂದ ಹೇಳುವಾಗ ‘ಪ್ರ’ ಒಂದು ಅಕ್ಷರವೋ ಎರಡೋ? ಸೊನ್ನೆ ಎಲ್ಲಿಗೆ ಹೋಗಬೇಕು? ಓದಿದವರೇ ತಡವರಿಸುತ್ತಾರೆ. ತಾರೀಖು ಕೇಳಿದರೆ ಸುಮ್ಮನಾಗುವ ಹಿರಿಯೂರಿನ ಹಳ್ಳಿಯ ರೈತ, ಈಗ ನಡೆಯುತ್ತಿರುವುದು ಆರಿದ್ರಾ ಮಳೆಯೋ ಪುನರ್ವಸುವೋ ಎಂದು ಥಟ್ಟನೆ ಹೇಳಬಲ್ಲ.

ಹರಿಯಾಣದ ಬಲ್ಲಭಗಢದಲ್ಲಿ ಸಂಶೋಧಕರು ಇದಕ್ಕೆ ದಾರಿ ಹುಡುಕಿದರು. 1995ರಲ್ಲಿ ಪ್ರಕಟವಾದ ಅವರ ಹಿಂದಿ ಆವೃತ್ತಿಯಲ್ಲಿ ಲೆಕ್ಕದ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಲಾಯಿತು. ವಾಕ್ಯ ಬರೆಯುವ ಬದಲು ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದರು. ಕನ್ನಡದಲ್ಲೂ ಕೆಲಸವಾಗಿದೆ. ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಿಸುವ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ‘ಎಫ್, ಎ, ಎಸ್’ ಬದಲು ‘ಕ, ಪ, ಮ’ ತಂದಿತು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗಾಗಿ ಮೈಸೂರಿನ ವಾಕ್ ಶ್ರವಣ ಸಂಸ್ಥೆ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯನ್ನು ಕನ್ನಡಕ್ಕೆ ಹೊಂದಿಸಿದೆ. ರೋಗಿ ಎಡವುತ್ತಿರುವುದು ಅರ್ಥಮಾಡಿಕೊಳ್ಳುವುದರಲ್ಲೋ, ಕೇಳಿದ್ದನ್ನು ಮತ್ತೆ ಹೇಳುವುದರಲ್ಲೋ, ಹೆಸರು ನೆನಪಿಸಿಕೊಳ್ಳುವುದರಲ್ಲೋ ಎಂದು ಅದು ತೋರಿಸುತ್ತದೆ. ಚಿಕಿತ್ಸೆ ಎಲ್ಲಿಂದ ಶುರುವಾಗಬೇಕು ಎನ್ನುವುದು ಅದರ ಮೇಲೆ ನಿಂತಿದೆ. ಹಾಗಾಗಿ ತಪ್ಪು ಅಂಕ ಎಂದರೆ ತಪ್ಪು ಚಿಕಿತ್ಸೆ.

ಆದರೆ ಕನ್ನಡವೊಂದೇ ಸಾಕೇ? ಚಿತ್ರದುರ್ಗ, ಹೊಳಲ್ಕೆರೆ ಕಡೆ ಮನೆಯೊಳಗೆ ಲಂಬಾಣಿ, ತೆಲುಗು ಅಥವಾ ಉರ್ದು, ಸಂತೆಯಲ್ಲಿ ಕನ್ನಡ ಮಾತನಾಡುವವರು ಎಷ್ಟೋ ಮಂದಿ. ಪಾರ್ಶ್ವವಾಯುವಿನ ನಂತರ ಎರಡು ಭಾಷೆಗಳೂ ಒಂದೇ ಪ್ರಮಾಣದಲ್ಲಿ ಕೆಡಬೇಕೆಂದಿಲ್ಲ, ಒಂದು ಹೆಚ್ಚು ಉಳಿದಿರಬಹುದು. ಇದನ್ನು ಮನೆಯವರು ಹೇಳದಿದ್ದರೆ ಥೆರಪಿಸ್ಟ್‌ಗೆ ತಿಳಿಯುವುದಾದರೂ ಹೇಗೆ? ಪರೀಕ್ಷೆಗೆ ಮುಂಚೆಯೇ ಮನೆಮಾತು ಯಾವುದು, ಎಷ್ಟು ಓದಿದ್ದಾರೆ, ಕಿವಿ ಕೇಳಿಸುತ್ತದೆಯೇ ಎಂದು ತಿಳಿಸಿ. ಕನ್ನಡಕ ಮರೆಯದೆ ಒಯ್ಯಿರಿ.

ಮನೆಯಲ್ಲಿ ಗಮನಿಸಬೇಕಾದದ್ದು ಬದಲಾವಣೆಯನ್ನು: ಮೊದಲು ಸರಿಯಾಗಿ ಎಣಿಸುತ್ತಿದ್ದ ದುಡ್ಡು ಈಗ ತಪ್ಪುತ್ತಿದೆಯೇ, ಗೊತ್ತಿದ್ದ ದಾರಿಯೇ ಮರೆತುಹೋಗುತ್ತಿದೆಯೇ? ಹಾಗಿದ್ದರೆ ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದ ಬರುವ ಮರೆವಿಗೆ ಚಿಕಿತ್ಸೆ ಇದೆ. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಮಾತ್ರ ಯಾವ ಟೆಸ್ಟೂ ಬೇಡ. ತಕ್ಷಣ 108ಕ್ಕೆ ಕರೆ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ ಮಾತ್ರ.