ಹರಿಹರದ ಲೇಥು, ನಮ್ಮ ಲೈಸೆನ್ಸು

ಪ್ರಾಜೆಕ್ಟ್ ಶುರುವಾಗೋ ಹೊತ್ತಿಗೆ ಹಾಸ್ಟೆಲ್‌ನಲ್ಲಿ ಒಂದೇ ಚರ್ಚೆ: ಆಟೋಕ್ಯಾಡಾ, ಫ್ರೀಕ್ಯಾಡಾ? ಮ್ಯಾಟ್‌ಲ್ಯಾಬಾ, ಆಕ್ಟೇವಾ? ಚರ್ಚೆ ಮುಗಿಯೋದು ದುಡ್ಡಿನ ಹತ್ರ. ಒಂದಕ್ಕೆ ಕಾಸು ಕೊಡಬೇಕು, ಇನ್ನೊಂದು ಪುಕ್ಕಟೆ. ನಮ್ಮ ಪ್ರಕಾರ ಈ ಲೆಕ್ಕವೇ ಸರಿಯಿಲ್ಲ.

ಪಕ್ಕದ ಹರಿಹರ ನೋಡಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಯ್ತು. ಆದರೆ ಅಲ್ಲಿ ತಯಾರಾದ ಲೇಥುಗಳು ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗ್ತಾನೇ ಇವೆ. ಗೇರ್ ಸವೆದರೆ ಹೊಸದು ಮಾಡಿಸಿ ಹಾಕ್ತಾರೆ, ಬೇರಿಂಗ್ ಬದಲಿಸ್ತಾರೆ. ಯಾರ ಅಪ್ಪಣೆಯೂ ಬೇಕಿಲ್ಲ. ಅದೇನು ಪುಕ್ಕಟೆ ಬಂದದ್ದಲ್ಲ, ದುಡ್ಡು ಕೊಟ್ಟೇ ತಂದದ್ದು. ಕೊಂಡ ಮೇಲೆ ಕೊಂಡವರದ್ದು, ಅಷ್ಟೇ.

ಸಾಫ್ಟ್‌ವೇರ್ ಹಾಗಲ್ಲ. ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ 2016ರಲ್ಲಿ ಹೊಸ ಶಾಶ್ವತ ಲೈಸೆನ್ಸ್ ಮಾರೋದನ್ನೇ ನಿಲ್ಲಿಸ್ತು. ಈಗ ಏನಿದ್ದರೂ ಚಂದಾ. ಕಟ್ಟದಿದ್ದರೆ ಸಾಫ್ಟ್‌ವೇರ್ ಓಡಲ್ಲ. ವಿದ್ಯಾರ್ಥಿಗಳಿಗೆ ಉಚಿತ, ನಿಜ. ಆದರೆ ವರ್ಷ ವರ್ಷ ನವೀಕರಿಸಬೇಕು, ಅದರಲ್ಲಿ ಸಂಪಾದನೆಯ ಕೆಲಸ ಮಾಡುವಂತಿಲ್ಲ. ಡಿಗ್ರಿ ಮುಗಿಸಿ ಹರಿಹರದಲ್ಲೋ ದಾವಣಗೆರೆಯಲ್ಲೋ ಒಂದು ಶೆಡ್ ಹಾಕ್ತೀವಿ ಅಂದುಕೊಳ್ಳಿ. ಮೊದಲ ಆರ್ಡರ್ ಬರೋದಕ್ಕೂ ಮುಂಚೆ, ಕಲಿತ ಟೂಲಿಗೇ ಬಾಡಿಗೆ ಶುರು! (ಪೆನ್‌ಡ್ರೈವ್‌ನಲ್ಲಿ ಕ್ರ್ಯಾಕ್ ಇದೆಯಲ್ಲ ಅನ್ನೋರಿಗೆ: ಅದು ಕಳ್ಳಮಾಲು, ವೈರಸ್ಸೂ ಜೊತೆಗೆ ಬರಬಹುದು.)

ಹಾಗಂತ ಫ್ರೀಕ್ಯಾಡ್ ಹಿಡಿದು ಕೂತರೆ ಎಲ್ಲಾ ಸರಿಹೋಗಲ್ಲ. ಹಿಂದಿನ ಒಂದು ಸ್ಕೆಚ್ ತಿದ್ದಿದರೆ ಮುಂದಿನ ಫೀಚರ್‌ಗಳೆಲ್ಲ ಮುರಿದು ಬೀಳ್ತಿದ್ದ ಅದರ ಹಳೇ ಕಾಯಿಲೆಗೆ ಸರಿಯಾದ ಮದ್ದು ಸಿಕ್ಕಿದ್ದೇ 2024ರ ನವೆಂಬರ್‌ನಲ್ಲಿ, 1.0 ಆವೃತ್ತಿ ಬಂದಾಗ. ಸಾಮಾನ್ಯ ಮ್ಯಾಟ್‌ಲ್ಯಾಬ್ ಪ್ರೋಗ್ರಾಂ ಆಕ್ಟೇವ್‌ನಲ್ಲಿ ಓಡುತ್ತೆ, ಸಿಮ್ಯುಲಿಂಕ್ ಮಾಡೆಲ್ ಓಡಲ್ಲ. ಇಂಟರ್‌ವ್ಯೂನಲ್ಲಿ ಕೇಳೋದೂ ಕ್ಯಾಟಿಯಾ, ಸಾಲಿಡ್‌ವರ್ಕ್ಸ್. ಅವನ್ನು ಕಲಿಯಲೇಬೇಕು, ಬೇರೆ ಮಾತಿಲ್ಲ.

ಆದರೆ ಸಿವಿಲ್‌ನವರಿಗೆ ಓಸ್‌ಡ್ಯಾಗ್ ಅಂತ ಒಂದಿದೆ. ಐಐಟಿ ಬಾಂಬೆಯಲ್ಲಿ ಹುಟ್ಟಿದ್ದು, ಐಎಸ್ 800:2007 ಪ್ರಕಾರ ಸ್ಟೀಲ್ ಡಿಸೈನ್ ಮಾಡುತ್ತೆ. ಉತ್ತರ ಹೇಗೆ ಬಂತು ಅಂತ ಅನುಮಾನ ಬಂದರೆ ಕೋಡನ್ನೇ ತೆರೆದು ನೋಡಬಹುದು. ಪರೀಕ್ಷೆಗೆ ಉರು ಹೊಡೆದ ಸೂತ್ರ ಅಲ್ಲಿ ಕೆಲಸ ಮಾಡ್ತಿರುತ್ತೆ. ಕಲಿಯೋರಿಗೆ ಇದಕ್ಕಿಂತ ಇನ್ನೇನು ಬೇಕು?

ಪುಕ್ಕಟೆ ಸಿಕ್ಕಿದ್ದೆಲ್ಲ ಮುಕ್ತವೂ ಅಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಎಲ್ಲರಿಗೂ ಉಚಿತವಾಗೇ ಸಿಕ್ಕಿತು, ಉಪಕಾರವೂ ದೊಡ್ಡದು. ಆದರೆ ಯುನಿಕೋಡ್‌ಗೆ ಮುಂಚಿನ ಒಂದು ನುಡಿ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಕಾಲೇಜಿಗೆ ನಮ್ಮ ಕೋರಿಕೆ ದೊಡ್ಡದೇನಲ್ಲ. ದುಬಾರಿ ಪ್ಯಾಕೇಜ್ ಕಲಿಸೋ ಪ್ರತಿ ಲ್ಯಾಬಿನಲ್ಲೂ ಒಂದೆರಡು ಪ್ರಯೋಗ ಮುಕ್ತ ತಂತ್ರಾಂಶದಲ್ಲಿ ಮಾಡಿಸಿ. ಫೈನಲ್ ಇಯರ್ ಪ್ರಾಜೆಕ್ಟ್ ಸಲ್ಲಿಸುವಾಗ ಮೂಲ ಫೈಲಿನ ಜೊತೆ ಸ್ಟೆಪ್ ಅಥವಾ ಡಿಎಕ್ಸ್‌ಎಫ್ ಪ್ರತಿಯನ್ನೂ ಕೇಳಿ. ಮಾಡೆಲ್ ಕಟ್ಟಿದ ಹಂತಗಳು ಅದರಲ್ಲಿ ಉಳಿಯಲ್ಲ. ಆಕಾರವಂತೂ ಉಳಿಯುತ್ತೆ, ಮುಂದಿನ ಬ್ಯಾಚಿನ ಜೂನಿಯರ್‌ಗಳು ಯಾವ ಲೈಸೆನ್ಸೂ ಇಲ್ಲದೆ ತೆರೆದು ನೋಡಬಹುದು.