ಔಷಧದಾನವೋ, ವಿಷವಾಣಿಜ್ಯವೋ?

ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ನಮ್ಮ ಸಮಾಜವು ನೀಡುತ್ತ ಬಂದಿರುವ ಗೌರವ ಅಲ್ಪವಾದುದಲ್ಲ. ಪರ್ವದಿನಗಳಲ್ಲಿ ಟ್ರಸ್ಟುಗಳು ಉಚಿತ ಚಿಕಿತ್ಸಾ ಶಿಬಿರಗಳನ್ನು ಏರ್ಪಡಿಸುತ್ತವೆ. ದಾನಿಗಳ ಹೆಸರು ಬಸದಿಯ ಗೋಡೆಯ ಮೇಲೆ ಕೆತ್ತಲ್ಪಡುತ್ತದೆ. ಆದರೆ ಔಷಧವನ್ನು ಕೊಡುವುದೆಲ್ಲವೂ ದಾನವಲ್ಲ, ಮಾರುವುದೆಲ್ಲವೂ ಸದ್ವ್ಯಾಪಾರವಲ್ಲ. ಶ್ರಾವಕನಿಗೆ ನಿಷಿದ್ಧವಾದ ವೃತ್ತಿಗಳಲ್ಲಿ ವಿಷವಾಣಿಜ್ಯವೂ ಒಂದು. ವೈದ್ಯರ ಚೀಟಿಯಿಲ್ಲದೆ ಕೈಬದಲಾಗುವ ಗುಳಿಗೆ ಔಷಧವೋ ವಿಷವೋ ಎಂಬ ಪ್ರಶ್ನೆಯನ್ನು ಯಾದಗಿರಿ, ಶಹಾಪುರ, ಸುರಪುರಗಳ ಶ್ರಾವಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಜ್ವರವೆಂದು ಬಂದವನಿಗೆ ಎರಡು ದಿನದ ಪ್ರತಿಜೀವಕ, ಮೈಕೈ ನೋವೆಂದ ಕೂಲಿಕಾರನಿಗೆ ನೋವುನಿವಾರಕದ ಜೊತೆಗೊಂದು ಸ್ಟಿರಾಯ್ಡ್ ಗುಳಿಗೆ, ನಿದ್ರೆ ಬಾರದೆಂದವಳಿಗೆ ಅಲ್ಪ್ರಝೋಲಾಂ: ಈ ಬಗೆಯ ವ್ಯಾಪಾರವನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ಅರೆಬರೆ ಪ್ರತಿಜೀವಕದಿಂದ ರೋಗಾಣುಗಳು ಸಾಯದೆ ಬಲಿಯುತ್ತವೆ. ಮುಂದೆ ಅದೇ ಔಷಧ ಅದೇ ರೋಗಕ್ಕೆ ನಾಟುವುದಿಲ್ಲ. ನಮ್ಮ ಸೀಮೆಯ ಬೇಸಿಗೆಯಲ್ಲಿ ಗದ್ದೆಯಲ್ಲಿ ದುಡಿದು ದೇಹದ ನೀರು ಬತ್ತಿದವನಿಗೆ ಡೈಕ್ಲೋಫೆನಾಕ್ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಸ್ಟಿರಾಯ್ಡ್ ಮೊದಲು ಅದ್ಭುತವೆನಿಸುತ್ತದೆ. ತಿಂಗಳುಗಟ್ಟಲೆ ಸೇವಿಸಿದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಸಿರಪ್ಪಿನ ಬಾಟಲಿ ಕೊಟ್ಟು ಕಳುಹಿಸುವವನು ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆಗಬೇಕಾದ ಕ್ಷಯದ ಕಫಪರೀಕ್ಷೆಯನ್ನು ತಡೆದವನೇ ಆಗುತ್ತಾನೆ.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 1945ರ ಔಷಧ ನಿಯಮಗಳ ಎಚ್ ಅನುಸೂಚಿಯ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. 2013ರಲ್ಲಿ ಪ್ರಕಟವಾಗಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್-1 ಅನುಸೂಚಿಯು ಕೆಲವು ಪ್ರಬಲ ಪ್ರತಿಜೀವಕಗಳು, ಕ್ಷಯದ ಔಷಧಗಳು, ಅಲ್ಪ್ರಝೋಲಾಂ, ಟ್ರಮಡಾಲ್ ಮುಂತಾದವುಗಳಿಗೆ ಪ್ರತ್ಯೇಕ ವಹಿಯನ್ನೇ ವಿಧಿಸಿದೆ. ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಅದರಲ್ಲಿ ಬರೆದು ಮೂರು ವರ್ಷ ಕಾಯ್ದಿರಿಸಬೇಕು. ಉದರಿಯ ಒಂದು ರೂಪಾಯಿಯನ್ನೂ ಖಾತೆಯಲ್ಲಿ ತಪ್ಪದೆ ಬರೆಯುವ ವ್ಯಾಪಾರಿಗೆ ಈ ವಹಿ ಬರೆಯಲು ಮಾತ್ರ ಪುರಸೊತ್ತಿಲ್ಲವೆಂದರೆ ನಂಬುವವರಾರು?

ಇದು ಕೇವಲ ಇನ್‌ಸ್ಪೆಕ್ಟರರ ಭಯದ ಮಾತಲ್ಲ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕಳ್ಳತೂಕ, ಕಲಬೆರಕೆಗಳ ಸಾಲಿನಲ್ಲಿಯೇ ವಿರುದ್ಧರಾಜ್ಯಾತಿಕ್ರಮವನ್ನು, ಎಂದರೆ ರಾಜ್ಯನಿಯಮವನ್ನು ಮೀರಿ ಮಾಡುವ ವ್ಯವಹಾರವನ್ನು ಎಣಿಸಿದೆ. ಹಿಂಸೆಗೆ ಮೂಲವಾಗಿ ಅದು ತೋರಿಸುವುದು ಪ್ರಮಾದವನ್ನು. ಹಾಗಿರುವಾಗ ಚೀಟಿ ನೋಡದೆ ಗುಳಿಗೆ ಎಣಿಸಿಕೊಟ್ಟವನು ಒಂದೇ ಕೃತ್ಯದಲ್ಲಿ ಎರಡು ಅಣುವ್ರತಗಳಿಗೆ ಕಳಂಕ ತಂದಂತಾಯಿತು. ಕೊಲ್ಲುವ ಸಂಕಲ್ಪ ಇರಲಿಲ್ಲವೆಂಬುದು ಸತ್ಯ. ಎಚ್ಚರವೂ ಇರಲಿಲ್ಲವೆಂಬುದು ಅಷ್ಟೇ ಸತ್ಯ.

ಇದಕ್ಕೆ ಸಿದ್ಧವಾದ ಉತ್ತರವೊಂದುಂಟು: “ಹಳ್ಳಿಯಲ್ಲಿ ವೈದ್ಯರಿಲ್ಲ, ಬಡವನು ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾರ, ನಾವು ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ.” ಮೊದಲೆರಡು ಮಾತುಗಳಲ್ಲಿ ಹುರುಳಿದೆ. ಬಡವನ ಕಷ್ಟ ನಿಜ. ಆದರೆ ಆ ಕಷ್ಟಕ್ಕೆ ಪರಿಹಾರ ಅವನ ಮೂತ್ರಪಿಂಡವನ್ನು ಪಣಕ್ಕಿಡುವುದಲ್ಲ. ಶಹಾಪುರ, ಸುರಪುರಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ, ಯಾದಗಿರಿಯಲ್ಲಿ ಜಿಲ್ಲಾಸ್ಪತ್ರೆಯಿದೆ. ರೋಗಿಗೆ ಬಸ್ಸಿನ ಖರ್ಚನ್ನೂ ಅಂದಿನ ಕೂಲಿಯನ್ನೂ ಕೊಡುವ ನಿಧಿಯೊಂದನ್ನು ಟ್ರಸ್ಟು ತೆರೆದರೆ ಅದು ನಿಜವಾದ ಔಷಧದಾನ. ಇನ್ನು ಮೂರನೆಯ ಮಾತು ವಾದವೇ ಅಲ್ಲ. ಪಕ್ಕದ ಅಂಗಡಿಯಲ್ಲಿ ಮದ್ಯ ಮಾರುತ್ತಾರೆಂದು ನಾವು ಮದ್ಯ ಮಾರಲಿಲ್ಲ.

ಗೋಶಾಲೆಗಳನ್ನು ನಡೆಸುವವರು ಇನ್ನೊಂದು ಪಾಠವನ್ನು ಗಮನಿಸಬೇಕು. ದನಗಳ ನೋವಿಗೆಂದು ಚುಚ್ಚಿದ ಡೈಕ್ಲೋಫೆನಾಕ್ ಸತ್ತ ದನದ ದೇಹದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. 1990ರ ದಶಕದಲ್ಲಿ ಆರಂಭವಾದ ಈ ಸಾವಿನ ಕಾರಣ 2004ರಲ್ಲಿ ಸಿದ್ಧವಾಯಿತು. ಅಷ್ಟರಲ್ಲಿ ಭಾರತದ ರಣಹದ್ದುಗಳಲ್ಲಿ ಮೂರು ಜಾತಿಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾಗಿದ್ದವು. ಸರಕಾರವು 2006ರಲ್ಲಿ ಪಶುಗಳಿಗೆ ಈ ಔಷಧವನ್ನು ನಿಷೇಧಿಸಿತು. ಆದರೂ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದುದರಿಂದ 2015ರಲ್ಲಿ ಸೀಸೆಯ ಅಳತೆಯನ್ನು 3 ಮಿಲಿಲೀಟರಿಗೆ ಇಳಿಸಬೇಕಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದುಗಳಿಗೆ ಅಭಯಧಾಮವಾಯಿತು. ದಯೆಯಿಂದ ಹಾಕಿದ ಸೂಜಿಯೇ ಲಕ್ಷಾಂತರ ಜೀವಗಳ ಹಿಂಸೆಗೆ ಕಾರಣವಾದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಪಶುವೈದ್ಯರನ್ನು ಕೇಳಿದರೆ ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮನ್ನು ಅವರೇ ಸೂಚಿಸಬಲ್ಲರು.

ನಮ್ಮ ನೆರೆಯ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿ, ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸಿದರು; ಮಾಂಸೌಷಧದ ನಿಷ್ಫಲತೆಯನ್ನು ನೃಪತುಂಗನ ಸಭೆಯಲ್ಲಿ ವಾದಿಸಿದರು. ರೋಗ ವಾಸಿಯಾಯಿತೇ ಎಂದಷ್ಟೇ ಅಲ್ಲ, ಯಾವ ಬೆಲೆಗೆ ವಾಸಿಯಾಯಿತು ಎಂದೂ ಕೇಳಿದ ಪರಂಪರೆ ನಮ್ಮದು.

ಆದುದರಿಂದ ಟ್ರಸ್ಟುಗಳ ವಿಶ್ವಸ್ತರಲ್ಲಿ ನನ್ನ ಆಗ್ರಹವಿಷ್ಟು. ಮನೆಮನೆಯಿಂದ ಸಂಗ್ರಹಿಸಿದ ಉಳಿಕೆ ಗುಳಿಗೆಗಳನ್ನು ಶಿಬಿರಗಳಲ್ಲಿ ಹಂಚುವುದು ನಿಲ್ಲಲಿ. ನೋಂದಾಯಿತ ವೈದ್ಯರೂ ಫಾರ್ಮಾಸಿಸ್ಟರೂ ಇಲ್ಲದ ಶಿಬಿರ ಬೇಡ. ಕೊಡುವ ಔಷಧ ಪೂರ್ಣ ಅವಧಿಯದಾಗಿರಲಿ; ಸೇವಿಸುವ ಕ್ರಮವನ್ನು ಕನ್ನಡದಲ್ಲಿ ಬರೆದುಕೊಡಿ, ಓದಲು ಬಾರದವರಿಗೆ ಬಾಯಿಮಾತಿನಲ್ಲಿ ತಿಳಿಸಿ. ಔಷಧದಂಗಡಿಯ ದಾನಿಯು ಮುಂದಿನ ಪರ್ವಕ್ಕೆ ದೇಣಿಗೆ ತಂದಾಗ ರಸೀದಿ ಹರಿಯುವ ಮೊದಲು ವಿನಯದಿಂದಲೇ ಕೇಳಿ: “ಶ್ರೇಷ್ಠಿಗಳೇ, ಎಚ್-1 ವಹಿಯನ್ನು ಬರೆದಿದ್ದೀರಾ?” ಉತ್ತರಿಸಲು ಅವರು ತಡವರಿಸಿದರೆ ಆ ಹಣವನ್ನು ಅವರಲ್ಲಿಯೇ ಬಿಡಿ. ನ್ಯಾಯಾರ್ಜಿತವಲ್ಲದ ದ್ರವ್ಯದಿಂದ ಬಸದಿಯ ಗೋಡೆ ಎತ್ತರವಾಗಬಹುದು, ಧರ್ಮ ಎತ್ತರವಾಗುವುದಿಲ್ಲ.