13 ಹಾಕಿ ನೋಡಿದ್ದೀರಾ?

ಕಂಪೈಲರ್ ಕಟ್ಟೆ, ಭಾಗ 7 👇

ಫ್ರೆಂಡ್ಸ್, ಸಿ ಲ್ಯಾಬ್‌ನಲ್ಲಿ ಫ್ಯಾಕ್ಟೋರಿಯಲ್ ಪ್ರೋಗ್ರಾಮ್ ಬರೆಯದೇ ಇರೋರು ನಮ್ಮಲ್ಲಿ ಯಾರಾದ್ರೂ ಇದ್ದೀರಾ? ನಾನೂ ಬರೆದಿದ್ದೆ. ಎಕ್ಸಾಮಿನರ್ 5 ಹಾಕಿಸಿದ್ರು, 120 ಬಂತು, ಸೈನ್ ಬಿತ್ತು, ಫುಲ್ ಮಾರ್ಕ್ಸ್. ರೂಮಿಗೆ ಬಂದು ಸುಮ್ನೆ 13 ಹಾಕಿದೆ. 1932053504 ಬಂತು. ದೊಡ್ಡ ನಂಬರ್, ಮೈನಸ್ ಇಲ್ಲ, ಎರರ್ ಇಲ್ಲ. ನಂಬಿಬಿಟ್ಟೆ. ಆಮೇಲೆ ಕ್ಯಾಲ್ಕುಲೇಟರ್‌ನಲ್ಲಿ ನೋಡಿದ್ರೆ ನಿಜವಾದ ಉತ್ತರ 6227020800!

ಕಾರಣ ಗೊತ್ತಿರೋದೇ. ನಮ್ಮ ಇಂಟ್ 32 ಬಿಟ್‌ನದು, 2147483647ರ ಮೇಲೆ ಹಿಡಿಸಲ್ಲ. ಮೇಲಿನ ಬಿಟ್‌ಗಳು ಉದುರಿ ಹೋಗುತ್ತವೆ. 6227020800ರಲ್ಲಿ 4294967296 ಕಳೆಯಿರಿ, ನನಗೆ ಬಂದ ನಂಬರೇ ಸಿಗುತ್ತೆ.

ಇವತ್ತು ನಾನು ಹೇಳೋಕೆ ಬಂದಿರೋದು ಒಂದೇ ಮಾತು: ಗುಣಾಕಾರ ಓವರ್‌ಫ್ಲೋ ಆಯ್ತಾ ಅಂತ ಉತ್ತರದ ಮುಖ ನೋಡಿ ಹೇಳೋಕಾಗಲ್ಲ. ಕಂಪೈಲರನ್ನೇ ಕೇಳಬೇಕು.

❌ "ಮೈನಸ್ ಬಂದ್ರೆ ಓವರ್‌ಫ್ಲೋ" ಅಂತೀರಾ? ಮೇಲಿನ ಉತ್ತರ ಮೈನಸ್ ಅಲ್ಲವೇ ಅಲ್ಲ. "ಮೊದಲಿಗಿಂತ ಚಿಕ್ಕದಾದ್ರೆ" ಅಂತೀರಾ? 12ಕ್ಕೆ 479001600 ಇತ್ತು, 13ಕ್ಕೆ ಇನ್ನೂ ದೊಡ್ಡದೇ ಬಂತು. ಗುಣಾಕಾರ ಎಷ್ಟು ಸುತ್ತು ಬೇಕಾದ್ರೂ ಹೊಡೆದು ಎಲ್ಲಿ ಬೇಕಾದ್ರೂ ನಿಲ್ಲುತ್ತೆ.

❌ "ಗುಣಿಸಿದ ಮೇಲೆ ಭಾಗಿಸಿ ನೋಡ್ತೀನಿ" ಅನ್ನೋರಿಗೆ ಇನ್ನೂ ದೊಡ್ಡ ಏಟು. ಸಿ ಭಾಷೆಯ ನಿಯಮದಲ್ಲಿ ಸೈನ್ಡ್ ಇಂಟ್ ಓವರ್‌ಫ್ಲೋ ಆಗೋದೇ ಇಲ್ಲ ಅಂತ ಕಂಪೈಲರ್ ಅಂದುಕೊಳ್ಳಬಹುದು. ಹಾಗಾಗಿ 'ಎ'ಯನ್ನ 'ಬಿ'ಯಿಂದ ಗುಣಿಸಿ 'ಬಿ'ಯಿಂದಲೇ ಭಾಗಿಸಿದರೆ 'ಎ'ಯೇ ತಾನೇ ಅಂತ ನಿಮ್ಮ ಚೆಕ್ಕನ್ನೇ ಅದು ತೆಗೆದುಹಾಕಬಹುದು. ಕಾವಲುಗಾರನನ್ನ ಇಟ್ಟಿದ್ದು ನೀವು, ಮನೆಗೆ ಕಳಿಸಿದ್ದು ಆಪ್ಟಿಮೈಸರ್.

✅ ಸರಿಯಾದ ದಾರಿ: ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ 'ಬಿಲ್ಟಿನ್ ಮಲ್ ಓವರ್‌ಫ್ಲೋ' ಅನ್ನೋ ಫಂಕ್ಷನ್ ಇದೆ. ಸಿ23ರಲ್ಲಿ ಅದೇ ಕೆಲಸಕ್ಕೆ 'ಸಿಕೆಡಿ ಮಲ್' ಬಂದಿದೆ. ಉತ್ತರವನ್ನೂ ಕೊಡುತ್ತೆ, ಅದು ಹಿಡಿಸಿತೋ ಇಲ್ಲವೋ ಅಂತಲೂ ಹೇಳುತ್ತೆ.

ಒಳಗೆ ಬ್ಯಾಕೆಂಡ್ ಮಾಡೋ ಕೆಲಸ ನೋಡಿ, ಖುಷಿಯಾಗುತ್ತೆ. ಎಕ್ಸ್86ನಲ್ಲಿ 'ಐಮಲ್' ಇನ್‌ಸ್ಟ್ರಕ್ಷನ್ ಗುಣಿಸುವಾಗಲೇ, ಉತ್ತರ ಹಿಡಿಸದಿದ್ರೆ ಓವರ್‌ಫ್ಲೋ ಫ್ಲ್ಯಾಗ್ ಎತ್ತುತ್ತೆ. ಬ್ಯಾಕೆಂಡ್ ಅದರ ಹಿಂದೆ ಒಂದು 'ಜೆಓ' ಜಂಪ್ ಇಟ್ಟರೆ ಸಾಕು. 64 ಬಿಟ್ ಆರ್ಮ್‌ನಲ್ಲಿ ಗುಣಾಕಾರ ಯಾವ ಫ್ಲ್ಯಾಗನ್ನೂ ಎತ್ತಲ್ಲ. ಅಲ್ಲಿ 'ಎಸ್‌ಮಲ್ಎಲ್' ಬಳಸಿ ಪೂರ್ತಿ 64 ಬಿಟ್ ಉತ್ತರ ತೆಗೆದು, ಕೆಳಗಿನ 32 ಬಿಟ್ಟನ್ನ ಚಿಹ್ನೆ ಸಮೇತ ಹಿಗ್ಗಿಸಿ ಹೋಲಿಸುತ್ತೆ. ಎರಡೂ ಒಂದೇ ಆದ್ರೆ ಸರಿ, ಇಲ್ಲದಿದ್ರೆ ಓವರ್‌ಫ್ಲೋ. ರಿಸ್ಕ್-ಫೈವ್‌ನಲ್ಲಂತೂ ಫ್ಲ್ಯಾಗ್‌ಗಳೇ ಇಲ್ಲ, ಅಲ್ಲೂ ಮೇಲಿನ ಭಾಗ, ಕೆಳಗಿನ ಭಾಗ ಹೋಲಿಸಿಯೇ ತಿಳೀಬೇಕು. ಒಂದೊಂದು ಚಿಪ್‌ಗೆ ಒಂದೊಂದು ಉಪಾಯ. ನೀವು ಬರೆಯೋದು ಮಾತ್ರ ಒಂದೇ ಸಾಲು.

"ಇಷ್ಟೆಲ್ಲಾ ಯಾಕೆ ಗುರು, ಲ್ಯಾಬ್ ಪ್ರೋಗ್ರಾಮ್ ತಾನೇ?" ಅನ್ನಬೇಡಿ. 2002ರಲ್ಲಿ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಸಿಕ್ಕ ರಂಧ್ರ ಇದೇ ಜಾತಿಯದು. ಹೊರಗಿನವರು ಕಳಿಸಿದ ಎಣಿಕೆಯನ್ನ ಪಾಯಿಂಟರ್ ಅಳತೆಯಿಂದ ಗುಣಿಸಿ ಮೆಮೊರಿ ಕೇಳುತ್ತಿತ್ತು. 32 ಬಿಟ್ ಯಂತ್ರದಲ್ಲಿ 1073741825ನ್ನ 4ರಿಂದ ಗುಣಿಸಿ ನೋಡಿ: ಉಳಿಯೋದು ಬರೀ 4. ಜಾಗ ನಾಲ್ಕು ಬೈಟ್, ಒಳಗೆ ತುಂಬೋಕೆ ಹೊರಟಿದ್ದು ಕೋಟಿಗಟ್ಟಲೆ. ಸರ್ವರ್‌ಗಳ ಬಾಗಿಲು ಕಾಯೋ ಸಾಫ್ಟ್‌ವೇರ್‌ನಲ್ಲೇ ಹೀಗಾದ್ರೆ ನಮ್ಮ ಪ್ರಾಜೆಕ್ಟ್‌ಗಳ ಗತಿ ಏನು?

"ಸ್ಲೋ ಆಗುತ್ತೆ" ಅನ್ನೋ ವಾದ ಪೂರ್ತಿ ಸುಳ್ಳಲ್ಲ. ಒಂದೊಂದು ಪಿಕ್ಸೆಲ್‌ಗೂ ಓಡೋ ಲೂಪ್‌ನಲ್ಲಿ ಒಂದೆರಡು ಇನ್‌ಸ್ಟ್ರಕ್ಷನ್ ಜಾಸ್ತಿಯಾದ್ರೂ ಲೆಕ್ಕಕ್ಕೆ ಬರುತ್ತೆ. ಆದ್ರೆ ದುಡ್ಡು, ಮೆಮೊರಿ ಅಳತೆ, ಹೊರಗಿಂದ ಬಂದ ನಂಬರ್, ಈ ಮೂರು ಕಡೆ ಚೆಕ್ ಬಿಡೋಕೆ ನೆಪವೇ ಇಲ್ಲ.

ಮೇಷ್ಟ್ರುಗಳಿಗೂ ಒಂದು ವಿನಂತಿ. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ 5ರ ಪಕ್ಕ 13 ಕೂಡ ಇರಲಿ ಸರ್. 120 ಬಂದವರಿಗಲ್ಲ, "ಇದು ಹಿಡಿಸಲ್ಲ" ಅಂತ ಹೇಳೋ ಪ್ರೋಗ್ರಾಮ್ ಬರೆದವರಿಗೆ ಫುಲ್ ಮಾರ್ಕ್ಸ್ ಕೊಡಿ.

ನೀವು ಇವತ್ತೇ ನಿಮ್ಮ ಹಳೇ ಪ್ರೋಗ್ರಾಮ್ ತೆಗೆದು 13 ಹಾಕಿ. ಏನು ಬಂತು ಅಂತ ಕಾಮೆಂಟ್‌ನಲ್ಲಿ ಹೇಳಿ. ಲ್ಯಾಬ್ ಪಾರ್ಟ್‌ನರ್‌ನ ಟ್ಯಾಗ್ ಮಾಡೋದು ಮರೀಬೇಡಿ 😄

#ಕಂಪೈಲರ್‌ಕಟ್ಟೆ #ಕನ್ನಡದಲ್ಲಿಕೋಡಿಂಗ್